ಗಡಿಯಾರ ಹಿಂದೆ ಬಿತ್ತೋ, ಕಾಲವೇ ಹಿಂದೆ ಬಿತ್ತೋ?

ಅಪ್ಪಯ್ಯನ ಎಚ್‌ಎಂಟಿ ವಾಚು ಈಗ ನನ್ನ ಹತ್ತಿರ ಇದೆ. ಕೀ ಕೊಡುವ ವಾಚು. ಕುಂದಾಪುರದ ಮನೆಯಲ್ಲಿದ್ದಾಗ ದಿನಕ್ಕೆ ಅರ್ಧ ನಿಮಿಷ ಹಿಂದೆ ಬೀಳುತ್ತಿತ್ತು. ಅಪ್ಪಯ್ಯ ಬೆಳಿಗ್ಗೆ ರೇಡಿಯೋ ವಾರ್ತೆ ಶುರುವಾಗುವಾಗ ಅದನ್ನು ಸರಿ ಮಾಡಿಕೊಂಡು, ಆಮೇಲೆ ಕಾಫಿ ಲೋಟಕ್ಕೆ ಕೈ ಹಾಕುತ್ತಿದ್ದರು. ಅವರು ಹೋದ ಮೇಲೆ ನಾನು ಅದನ್ನು ಡೊಂಬಿವಲಿಗೆ ತಂದೆ. ತಂದ ಎರಡೇ ವಾರದಲ್ಲಿ ಅದು ದಿನಕ್ಕೆ ಏಳೆಂಟು ನಿಮಿಷ ಮುಂದೆ ಓಡತೊಡಗಿತು. ಮುಂಬೈಗೆ ಬಂದವರೆಲ್ಲ ಓಡ್ತಾರೆ, ಪಾಪ ಅದೂ ಓಡ್ತಾ ಇದೆ ಅಂತ ಹೆಂಡತಿ ನಕ್ಕಳು.

ಮಾಟುಂಗಾದಲ್ಲಿ ಒಬ್ಬರು ವಾಚ್ ರಿಪೇರಿಯವರಿದ್ದಾರೆ, ನಮ್ಮ ಕಡೆಯವರೇ. ಅವರು ವಾಚನ್ನು ಬಿಚ್ಚಲೂ ಇಲ್ಲ. ಡ್ರಾಯರಿನಿಂದ ಒಂದು ಪುಟ್ಟ ದಿಕ್ಸೂಚಿ ತೆಗೆದು ಪಕ್ಕದಲ್ಲಿಟ್ಟರು. ಮುಳ್ಳು ಗಿರಕ್ಕನೆ ತಿರುಗಿತು. "ಇದಕ್ಕೆ ಮ್ಯಾಗ್ನೆಟ್ ಹಿಡಿದಿದೆ ಮಾರಾಯ್ರೆ. ರಾತ್ರಿ ಎಲ್ಲಿ ಇಡ್ತೀರಿ?" ಅಂದರು. ನಾನು ಇಡುತ್ತಿದ್ದದ್ದು ಮೊಬೈಲಿನ ಮೇಲೆ. ಮೊಬೈಲಿನ ಕವರಿಗೆ ಮ್ಯಾಗ್ನೆಟ್ಟಿನ ಮುಚ್ಚಳ. ಒಳಗಿನ ಕೂದಲೆಳೆಯಂಥ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡರೆ ಸ್ಪ್ರಿಂಗು ಗಿಡ್ಡವಾದ ಹಾಗೆ. ಚಕ್ರ ಬೇಗ ಬೇಗ ಆಡುತ್ತದೆ, ವಾಚು ಮುಂದೆ ಓಡುತ್ತದೆ. ಒಂದು ಮಷೀನಿನ ಮೇಲೆ ಅರ್ಧ ನಿಮಿಷ ಹಿಡಿದು ವಾಪಸು ಕೊಟ್ಟರು. ದುಡ್ಡು ಬೇಡ ಅಂದರು.

ಈ ಕಥೆಯನ್ನು ಭಾನುವಾರ ನಮ್ಮ ಕನ್ನಡ ಸಂಘದ ಲೈಬ್ರರಿಯಲ್ಲಿ ಹೇಳುತ್ತಾ, ವಿಮಾನದಲ್ಲಿ ಹೋದ ಗಡಿಯಾರವೂ ನೆಲದ ಗಡಿಯಾರಕ್ಕಿಂತ ವ್ಯತ್ಯಾಸ ತೋರಿಸುತ್ತದಂತೆ, ಐನ್‌ಸ್ಟೈನ್ ಹೇಳಿದ್ದಾನಂತೆ ಎಂದು ಸೇರಿಸಿದೆ. ಅಲ್ಲಿ ಕೂತಿದ್ದ ಹುಬ್ಬಳ್ಳಿ ಕಾಕಾ ಪೇಪರಿನಿಂದ ತಲೆ ಎತ್ತಿದರು. ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೈದು ವರ್ಷ ಫಿಟ್ಟರ್ ಆಗಿದ್ದವರು. "ಸಾಹೇಬ್ರ, ವಿಮಾನದಾಗ ಅಲುಗಾಟ ಇರ್ತದ, ಥಂಡಿ ಇರ್ತದ. ಗಡಿಯಾರ ತಪ್ಪಿದ್ರ ಗಡಿಯಾರದಾಗ ಏನೋ ಆಗೇದ ಅನ್ಬೇಕು. ಟೈಮೇ ತಪ್ಪಿತು ಅಂತ ಯಾಕನ್ಬೇಕು? ನಿಮ್ಮ ವಾಚ್ ಮುಂದ ಓಡಿದಾಗ ಟೈಮ್ ಮುಂದ ಓಡಿತ್ತೇನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಬಿ.ಕಾಂ. ಓದಿದವನು, ಫಿಸಿಕ್ಸಿಗೂ ನನಗೂ ಎಸ್ಸೆಸ್ಸೆಲ್ಸಿಗೇ ಸಂಬಂಧ ಮುಗಿದಿತ್ತು. ಆದರೆ ಪ್ರಶ್ನೆ ತಲೆ ಬಿಟ್ಟು ಹೋಗಲಿಲ್ಲ. ನಾಲ್ಕೈದು ತಿಂಗಳು ಓದಿದ ಮೇಲೆ ಗೊತ್ತಾಯಿತು, ಕಾಕಾನ ಪ್ರಶ್ನೆಗೆ ಮುನ್ನೂರೈವತ್ತು ವರ್ಷಗಳ ಇತಿಹಾಸವೇ ಇದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಫಿಸಿಕ್ಸ್ ಮೇಷ್ಟ್ರುಗಳು ಓದುತ್ತಿದ್ದರೆ ಸ್ವಲ್ಪ ಸಹಿಸಿಕೊಳ್ಳಿ.

1672. ಪ್ಯಾರಿಸಿನ ವಿಜ್ಞಾನ ಅಕಾಡೆಮಿ ಜಾನ್ ರಿಶೆ ಎಂಬ ಖಗೋಳಜ್ಞನನ್ನು ದಕ್ಷಿಣ ಅಮೆರಿಕದ ಕಯೆನ್ ಎಂಬ ಊರಿಗೆ ಕಳಿಸಿತು. ಸಮಭಾಜಕ ವೃತ್ತದಿಂದ ಬರೀ ಐದು ಡಿಗ್ರಿ ಉತ್ತರಕ್ಕಿರುವ ಊರು. ಮುಖ್ಯ ಕೆಲಸ ಮಂಗಳ ಗ್ರಹ ನೋಡುವುದು. ಜೊತೆಗೆ ಲೋಲಕದ ಗಡಿಯಾರ ಒಯ್ದಿದ್ದ. ಪ್ಯಾರಿಸಿನಲ್ಲಿ ಸರಿಯಾಗಿದ್ದ ಲೋಲಕ ಕಯೆನ್ನಿನಲ್ಲಿ ದಿನಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಹಿಂದೆ ಬಿತ್ತು. ಸರಿಯಾಗಿ ಸೆಕೆಂಡಿಗೊಮ್ಮೆ ಬಡಿಯಬೇಕಾದರೆ ಲೋಲಕವನ್ನು ಹೆಚ್ಚು ಕಡಿಮೆ ಮೂರು ಮಿಲಿಮೀಟರ್ ಗಿಡ್ಡ ಮಾಡಬೇಕಾಯಿತು.

ಪ್ಯಾರಿಸಿನಲ್ಲಿ ಕೆಲವರು ಅಂದದ್ದು ಥೇಟ್ ನಮ್ಮ ಕಾಕಾನ ಮಾತೇ. ಅಲ್ಲಿ ಸೆಕೆ, ಕಬ್ಬಿಣ ಹಿಗ್ಗಿದೆ, ಉದ್ದವಾದ ಲೋಲಕ ನಿಧಾನಕ್ಕೆ ತೂಗುತ್ತದೆ, ಅಷ್ಟೇ. ಮಾತಿನಲ್ಲಿ ಸುಳ್ಳಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಒಂದು ಮೀಟರ್ ಕಬ್ಬಿಣ ಇಪ್ಪತ್ತು ಡಿಗ್ರಿ ಸೆಕೆಗೆ ಹಿಗ್ಗುವುದು ಕಾಲು ಮಿಲಿಮೀಟರ್. ಅದರಿಂದ ದಿನಕ್ಕೆ ಹತ್ತು ಸೆಕೆಂಡು ಹೋಗಬಹುದು, ಎರಡು ನಿಮಿಷ ಹೋಗುವುದಿಲ್ಲ. 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿದ್ದ ಹ್ಯಾಲಿಯೂ (ಧೂಮಕೇತುವಿನ ಹ್ಯಾಲಿಯೇ) ತನ್ನ ಲೋಲಕ ಗಿಡ್ಡ ಮಾಡಿಕೊಳ್ಳಬೇಕಾಯಿತು. ಕೊನೆಗೆ ನ್ಯೂಟನ್ 1687ರ ತನ್ನ 'ಪ್ರಿನ್ಸಿಪಿಯಾ'ದಲ್ಲಿ ಕಾರಣ ಕೊಟ್ಟ. ಭೂಮಿ ತಿರುಗುವುದರಿಂದ ಸಮಭಾಜಕದ ಹತ್ತಿರ ಉಬ್ಬಿಕೊಂಡಿದೆ, ಅಲ್ಲಿ ಗುರುತ್ವ ಕೊಂಚ ಕಡಿಮೆ. ಲೋಲಕವನ್ನು ಕೆಳಕ್ಕೆಳೆಯುವ ಬಲವೇ ಕಡಿಮೆಯಾದರೆ ಅದು ನಿಧಾನವಾಗುತ್ತದೆ.

ಇಲ್ಲಿ ಒಂದು ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ. ಕಯೆನ್ನಿನಲ್ಲಿ ನಿಧಾನವಾದದ್ದು ಲೋಲಕ, ಕಾಲವಲ್ಲ. ರಿಶೆಯ ಜೇಬಿನಲ್ಲಿ ಒಂದು ಒಳ್ಳೆಯ ಸ್ಪ್ರಿಂಗ್ ವಾಚು ಇದ್ದಿದ್ದರೆ ಅದು ಹಿಂದೆ ಬೀಳುತ್ತಿರಲಿಲ್ಲ. ಒಂದು ಬಗೆಯ ಗಡಿಯಾರ ತಪ್ಪಿ ಇನ್ನೊಂದು ಬಗೆಯದು ತಪ್ಪದೇ ಇದ್ದರೆ, ದೋಷ ಗಡಿಯಾರದ ಕೆಲಸದಲ್ಲಿದೆ ಅಂತ ಅರ್ಥ.

ನಾವು ಬ್ಯಾಂಕಿನವರು ಇದನ್ನು ಬೇರೆ ರೀತಿ ಕಲಿತಿದ್ದೇವೆ. ಲೆಡ್ಜರುಗಳ ಕಾಲದಲ್ಲಿ ಬಡ್ಡಿಯ ಮೊತ್ತ ಟ್ಯಾಲಿ ಆಗದಿದ್ದರೆ ಮೊದಲು ನೋಡುತ್ತಿದ್ದದ್ದು, ತಪ್ಪು ಒಬ್ಬ ಗುಮಾಸ್ತನ ಲೆಡ್ಜರಿನಲ್ಲಿ ಮಾತ್ರ ಇದೆಯೋ, ಎಲ್ಲರಲ್ಲೂ ಇದೆಯೋ ಅಂತ. ಒಬ್ಬನಲ್ಲಿದ್ದರೆ ಕೈತಪ್ಪು. ಎಲ್ಲ ಲೆಡ್ಜರಿನಲ್ಲೂ ಅದೇ ಪ್ರಮಾಣದಲ್ಲಿ ವ್ಯತ್ಯಾಸ ಬಂದರೆ, ಗುಮಾಸ್ತರನ್ನು ಬೈದು ಪ್ರಯೋಜನವಿಲ್ಲ. ಯಾರೋ ವರ್ಷಕ್ಕೆ 365 ದಿನದ ಬದಲು 360 ದಿನ ಹಿಡಿದಿರುತ್ತಾರೆ. ನಿಯಮವೇ ಬೇರೆಯಾಗಿರುತ್ತದೆ.

ಮುಂದಿನ ನೂರು ವರ್ಷ ಕೈತಪ್ಪುಗಳನ್ನು ಗೆಲ್ಲುವ ಕಾಲ. ಹಡಗಿನಲ್ಲಿ ಸರಿಯಾದ ಸಮಯ ಗೊತ್ತಿಲ್ಲದಿದ್ದರೆ ರೇಖಾಂಶ ಗೊತ್ತಾಗುವುದಿಲ್ಲ. ನಾಲ್ಕು ನಿಮಿಷ ತಪ್ಪಿದರೆ ಒಂದು ಡಿಗ್ರಿ ತಪ್ಪು. 1714ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು 20,000 ಪೌಂಡಿನ ಬಹುಮಾನ ಇಟ್ಟಿತು. ಜಾನ್ ಹ್ಯಾರಿಸನ್ ಎಂಬ ಬಡಗಿ ಬದುಕಿಡೀ ಅದರ ಹಿಂದೆ ಬಿದ್ದ. ತೂಗಾಡುವ ಹಡಗಿನಲ್ಲಿ ಲೋಲಕ ನಡೆಯುವುದಿಲ್ಲವೆಂದು ಸ್ಪ್ರಿಂಗು ಮತ್ತು ಬ್ಯಾಲೆನ್ಸ್ ಚಕ್ರ ಹಿಡಿದ. ಸೆಕೆ-ಚಳಿಗೆ ತಾನೇ ಸರಿಹೊಂದುವಂತೆ ಎರಡು ಲೋಹದ ಪಟ್ಟಿ ಜೋಡಿಸಿದ. 1761-62ರಲ್ಲಿ ಅವನ ಮಗ ನಾಲ್ಕನೇ ಗಡಿಯಾರವನ್ನು ಜಮೈಕಾಕ್ಕೆ ಒಯ್ದಾಗ, ಅದರ ದಿನನಿತ್ಯದ ದರ ಕಳೆದು ನೋಡಿದರೆ, 81 ದಿನಕ್ಕೆ ತಪ್ಪಿದ್ದು ಐದೇ ಸೆಕೆಂಡು. ಹಣ ಕೊಡಲು ಮಂಡಳಿಯವರು ಎಷ್ಟು ಸತಾಯಿಸಿದರು ಎನ್ನುವುದೇ ಬೇರೆ ಕಥೆ. ಲೋನ್ ಸ್ಯಾಂಕ್ಷನ್ ಆಗಿಯೂ ಹಣ ಬಿಡುಗಡೆ ಆಗದ ಗಿರಾಕಿಯ ಹಾಗಾಗಿತ್ತು ಪಾಪ ಅವನ ಸ್ಥಿತಿ. ಇರಲಿ.

ಈಗ 1905ಕ್ಕೆ ಬನ್ನಿ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಪೇಟೆಂಟ್ ಆಫೀಸಿನ ಗುಮಾಸ್ತ ಐನ್‌ಸ್ಟೈನ್ ಒಂದು ಲೇಖನ ಪ್ರಕಟಿಸಿದ. ಚಲಿಸುವ ಗಡಿಯಾರ ನಿಂತ ಗಡಿಯಾರಕ್ಕಿಂತ ನಿಧಾನ ಅಂತ ಅದರಲ್ಲಿ ಲೆಕ್ಕ ಬರುತ್ತದೆ. ಅದರಿಂದ ಅವನು ತೆಗೆದ ಒಂದು ತೀರ್ಮಾನ ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಭೂಮಿ ತಿರುಗುವುದರಿಂದ ಸಮಭಾಜಕದಲ್ಲಿಟ್ಟ ಗಡಿಯಾರ ಧ್ರುವದಲ್ಲಿಟ್ಟ ಅದೇ ಥರದ ಗಡಿಯಾರಕ್ಕಿಂತ ಅತ್ಯಲ್ಪ ನಿಧಾನವಾಗಿ ನಡೆಯಬೇಕು! ಮತ್ತೆ ಅದೇ ಸಮಭಾಜಕ. ಆದರೆ ಅವನು ಬರೆದದ್ದು ಬ್ಯಾಲೆನ್ಸ್ ಚಕ್ರದ ಗಡಿಯಾರ ಅಂತ. ನಂತರದ ಮರುಮುದ್ರಣವೊಂದರಲ್ಲಿ ಅಡಿಟಿಪ್ಪಣಿಯೂ ಬಂತು: ಲೋಲಕದ ಗಡಿಯಾರ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಆ ಗಡಿಯಾರದ ಭಾಗಗಳಲ್ಲಿ ಭೂಮಿಯೂ ಒಂದು. ರಿಶೆಯ ಕಯೆನ್ ಸಮಸ್ಯೆ ಒಳಗೆ ನುಸುಳದಂತೆ ಬಾಗಿಲು ಹಾಕಿದ್ದು ಅದು. ಮೆಕ್ಯಾನಿಕಲ್ ಕಾರಣಗಳನ್ನೆಲ್ಲ ಕಳೆದ ಮೇಲೂ ಉಳಿಯುವ ನಿಧಾನದ ಬಗ್ಗೆ ಅವನು ಮಾತಾಡುತ್ತಿದ್ದ.

ಎಷ್ಟು ನಿಧಾನ? ಸಮಭಾಜಕದ ನೆಲ ಸೆಕೆಂಡಿಗೆ 465 ಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಆ ವೇಗಕ್ಕೆ ದಿನಕ್ಕೆ ಸುಮಾರು 100 ನ್ಯಾನೋಸೆಕೆಂಡು. ನ್ಯಾನೋಸೆಕೆಂಡು ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಒಂದು ಸೆಕೆಂಡು ವ್ಯತ್ಯಾಸ ಕಾಣಲು 26,000 ವರ್ಷ ಕಾಯಬೇಕು. ಆ ಕಾಲದ ಅತ್ಯುತ್ತಮ ಗಡಿಯಾರಗಳು ದಿನಕ್ಕೆ ಸೆಕೆಂಡಿನ ನೂರರ ಒಂದು ಪಾಲು ತಪ್ಪುತ್ತಿದ್ದವು. ಅಂದರೆ ಹುಡುಕಬೇಕಾದದ್ದಕ್ಕಿಂತ ತಪ್ಪೇ ಲಕ್ಷ ಪಾಲು ದೊಡ್ಡದು.

1955ರಲ್ಲಿ ಇಂಗ್ಲೆಂಡಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿ ಲೂಯಿ ಎಸ್ಸೆನ್ ಮತ್ತು ಜ್ಯಾಕ್ ಪ್ಯಾರಿ ಸೀಸಿಯಂ ಪರಮಾಣು ಗಡಿಯಾರ ಮಾಡಿದರು. ಇದರಲ್ಲಿ ತೂಗುವುದೂ ಇಲ್ಲ, ಸ್ಪ್ರಿಂಗೂ ಇಲ್ಲ. ಸೀಸಿಯಂ ಪರಮಾಣುವಿಗೆ ಹೊಂದುವ ರೇಡಿಯೋ ಅಲೆಯ ಕಂಪನಗಳನ್ನು ಎಣಿಸುವುದು. 1967ರಿಂದ 9,19,26,31,770 ಕಂಪನಗಳಿಗೆ ಒಂದು ಸೆಕೆಂಡು ಅಂತ ಜಗತ್ತು ಒಪ್ಪಿದೆ. ತಮಾಷೆ ಅಂದರೆ ಈ ಎಸ್ಸೆನ್ ಸಾಹೇಬರೇ ಸಾಪೇಕ್ಷತಾ ಸಿದ್ಧಾಂತವನ್ನು ಒಪ್ಪುತ್ತಿರಲಿಲ್ಲ. 1971ರಲ್ಲಿ ಅದರ ವಿರುದ್ಧ ಪುಸ್ತಿಕೆಯನ್ನೇ ಬರೆದರು. ಅವರು ಹೇಳಿದ್ದೆಲ್ಲ ಸರಿ ಅಂತ ನನಗನಿಸುವುದಿಲ್ಲ. ಆದರೆ ಗಡಿಯಾರ ಮಾಡುವವನಿಗೆ ಗಡಿಯಾರದ ನೂರೆಂಟು ಕಾಯಿಲೆ ಗೊತ್ತಿರುತ್ತದಲ್ಲ, ಅನುಮಾನ ಸಹಜ. ಹುಬ್ಬಳ್ಳಿ ಕಾಕಾ ಒಳ್ಳೆಯ ಸಹವಾಸದಲ್ಲೇ ಇದ್ದಾರೆ.

ಇನ್ನು ಅಕ್ಟೋಬರ್ 1971. ಜೋಸೆಫ್ ಹಫೇಲ್ ಎಂಬ ಅಮೆರಿಕದ ಭೌತಶಾಸ್ತ್ರದ ಪ್ರೊಫೆಸರ್ ಒಂದು ಪಾಠಕ್ಕೆ ತಯಾರಾಗುವಾಗ ಲೆಕ್ಕ ಹಾಕಿ ನೋಡಿದರು: ಸಾಮಾನ್ಯ ಪ್ರಯಾಣಿಕ ವಿಮಾನದಲ್ಲೇ ಪರಮಾಣು ಗಡಿಯಾರ ಇಟ್ಟು ಭೂಮಿ ಸುತ್ತಿಸಿದರೆ ವ್ಯತ್ಯಾಸ ಅಳೆಯಬಹುದು! ಹಣಕ್ಕಾಗಿ ಒಂದು ವರ್ಷ ಅಲೆದರು. ಕೊನೆಗೆ ಅಮೆರಿಕದ ನೌಕಾ ವೀಕ್ಷಣಾಲಯದ ರಿಚರ್ಡ್ ಕೀಟಿಂಗ್ ಜೊತೆಯಾದರು. ಒಟ್ಟು ಖರ್ಚು ಸುಮಾರು 8,000 ಡಾಲರ್, ಅದರಲ್ಲಿ ಬಹುಪಾಲು ಟಿಕೆಟ್ಟಿಗೆ. ಗಡಿಯಾರಗಳಿಗೂ ಸೀಟು ಬೇಕಲ್ಲ, 'ಮಿಸ್ಟರ್ ಕ್ಲಾಕ್' ಎಂಬ ಹೆಸರಿನಲ್ಲಿ ಬುಕ್ ಮಾಡಿದರಂತೆ.

ನಾಲ್ಕು ಸೀಸಿಯಂ ಗಡಿಯಾರ. ಮೊದಲು ಪೂರ್ವ ದಿಕ್ಕಿಗೆ ಭೂಮಿಗೆ ಒಂದು ಸುತ್ತು, ಮುಂದಿನ ವಾರ ಪಶ್ಚಿಮ ದಿಕ್ಕಿಗೆ ಒಂದು ಸುತ್ತು. ಯಾಕೆ ಎರಡು ಸಲ? ಇಡೀ ಕಥೆಯ ಜೀವ ಇಲ್ಲಿದೆ, ಸ್ವಲ್ಪ ನಿಧಾನಕ್ಕೆ ನೋಡೋಣ.

ನೆಲದ ಮೇಲಿನ ಗಡಿಯಾರವೂ ಸುಮ್ಮನೆ ನಿಂತಿಲ್ಲ. ಭೂಮಿಯ ಜೊತೆ ಪೂರ್ವಕ್ಕೆ ಓಡುತ್ತಿದೆ. ಪೂರ್ವಕ್ಕೆ ಹಾರುವ ವಿಮಾನ ಆ ಓಟಕ್ಕೆ ತನ್ನ ಓಟವನ್ನೂ ಸೇರಿಸಿಕೊಳ್ಳುತ್ತದೆ. ಹಾಗಾಗಿ ಅದರ ಗಡಿಯಾರ ನೆಲದ್ದಕ್ಕಿಂತ ನಿಧಾನ. ಪಶ್ಚಿಮಕ್ಕೆ ಹಾರುವ ವಿಮಾನ, ಚಲಿಸುವ ಎಸ್ಕಲೇಟರಿನಲ್ಲಿ ಉಲ್ಟಾ ನಡೆಯುವವನ ಹಾಗೆ, ಒಟ್ಟು ಓಟವನ್ನು ಕಡಿಮೆ ಮಾಡಿಕೊಳ್ಳುತ್ತದೆ. ಹಾಗಾಗಿ ಅದರ ಗಡಿಯಾರ ನೆಲದ್ದಕ್ಕಿಂತ ವೇಗ. ಇದು ಒಂದು ಎಂಟ್ರಿ. ಇನ್ನೊಂದು ಎಂಟ್ರಿ ಎತ್ತರದ್ದು: ಗುರುತ್ವ ಕ್ಷೇತ್ರದಲ್ಲಿ ಮೇಲಿರುವ ಗಡಿಯಾರ ವೇಗವಾಗಿ ನಡೆಯುತ್ತದೆ ಅನ್ನುವುದು ಐನ್‌ಸ್ಟೈನನ ಮುಂದಿನ ಮಾತು. ಅದು ಯಾವ ದಿಕ್ಕಿಗೆ ಹಾರಿದರೂ ಜಮೆಯೇ.

ಜಮಾ-ಖರ್ಚು ಹೀಗಿದೆ, ಎಲ್ಲ ನ್ಯಾನೋಸೆಕೆಂಡಿನಲ್ಲಿ. ಪೂರ್ವದ ಸುತ್ತಿಗೆ ಎತ್ತರದಿಂದ ಜಮೆ 144, ವೇಗದಿಂದ ಖರ್ಚು 184, ನಿವ್ವಳ 40 ಖರ್ಚು. ಪಶ್ಚಿಮದ ಸುತ್ತಿಗೆ ಎತ್ತರದಿಂದ ಜಮೆ 179, ವೇಗದಿಂದಲೂ ಜಮೆ 96, ನಿವ್ವಳ 275 ಜಮೆ. ವಿಮಾನದ ವೇಗ, ಎತ್ತರಗಳ ಅಂದಾಜಿನಿಂದಾಗಿ ಈ ಎರಡರಲ್ಲೂ ಇಪ್ಪತ್ತು ಚಿಲ್ಲರೆ ಹೆಚ್ಚುಕಮ್ಮಿಗೆ ಅವಕಾಶ. ವಾಪಸು ಬಂದು ನೆಲದ ಗಡಿಯಾರಗಳಿಗೆ ಹೋಲಿಸಿದಾಗ ಸಿಕ್ಕಿದ್ದು: ಪೂರ್ವದಲ್ಲಿ 59 ಖರ್ಚು (10 ಹೆಚ್ಚುಕಮ್ಮಿ), ಪಶ್ಚಿಮದಲ್ಲಿ 273 ಜಮೆ (7 ಹೆಚ್ಚುಕಮ್ಮಿ).

ಈ ಸರಾಸರಿಗಿಂತ ನನಗೆ ಹಿಡಿಸಿದ್ದು ಬಿಡಿ ಅಂಕಿಗಳು. ಪೂರ್ವಕ್ಕೆ ಹೋದಾಗ ನಾಲ್ಕು ಗಡಿಯಾರಗಳು ಕಳೆದುಕೊಂಡದ್ದು 57, 74, 55, 51. ಪಶ್ಚಿಮಕ್ಕೆ ಹೋದಾಗ ಅದೇ ನಾಲ್ಕು ಗಳಿಸಿದ್ದು 277, 284, 266, 266. ಕಾಕಾ ಹೇಳಿದ ಅಲುಗಾಟ, ಥಂಡಿ, ವಿಮಾನದ ಕರೆಂಟು ಎಲ್ಲ ಎರಡೂ ಸುತ್ತಿನಲ್ಲಿ ಇದ್ದವು. ಅವು ಗಡಿಯಾರ ಕೆಡಿಸುವುದಾದರೆ ಎರಡೂ ಸಲ ಒಂದೇ ಥರ ಕೆಡಿಸಬೇಕು, ಇಲ್ಲವೇ ನಾಲ್ಕನ್ನೂ ನಾಲ್ಕು ಥರ ಕೆಡಿಸಬೇಕು. ನಾಲ್ಕೂ ಒಟ್ಟಾಗಿ ಪೂರ್ವಕ್ಕೆ ಹಿಂದೆ, ಪಶ್ಚಿಮಕ್ಕೆ ಮುಂದೆ ಅಂತ ಮಾಡಲು ಅಲುಗಾಟಕ್ಕೆ ದಿಕ್ಕು ಗೊತ್ತಿರಬೇಕಲ್ಲ?

ಹಾಗಂತ ಪ್ರಯೋಗದಲ್ಲಿ ಹುಳುಕಿರಲಿಲ್ಲ ಅನ್ನಲಾರೆ. ಆ ಕಾಲದ ಸೀಸಿಯಂ ಗಡಿಯಾರಗಳ ದರ ದಾರಿಯಲ್ಲಿ ತಾನಾಗಿಯೇ ಅಷ್ಟಿಷ್ಟು ಬದಲಾಗುತ್ತಿತ್ತು. ಅದನ್ನು ಒಂದರೊಡನೊಂದು ತಾಳೆ ನೋಡಿ ಕಳೆಯಬೇಕಾಯಿತು. ಇದನ್ನು ಹಿಡಿದು ಟೀಕಿಸಿದವರಿದ್ದಾರೆ. ಆಡಿಟರು ಒಪ್ಪುವ ಮಟ್ಟದ ಟ್ಯಾಲಿ ಇದಲ್ಲ, ಆದರೆ ಬ್ರಾಂಚ್ ಮ್ಯಾನೇಜರ್ ರಾತ್ರಿ ನಿದ್ದೆ ಮಾಡುವ ಮಟ್ಟದ್ದು ಅಂತ ನನ್ನ ಅಭಿಪ್ರಾಯ. 1975-76ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಇನ್ನೂ ಒಳ್ಳೆಯ ಗಡಿಯಾರಗಳನ್ನು ವಿಮಾನದಲ್ಲಿ ಹದಿನೈದು ಗಂಟೆ ಚೆಸಪೀಕ್ ಕೊಲ್ಲಿಯ ಮೇಲೆ ಸುತ್ತಿಸಿದಾಗ ಟ್ಯಾಲಿ ಬಹಳ ಹತ್ತಿರ ಬಂತು.

ಇಷ್ಟಾದರೂ ಗಡಿಯಾರ ಅಂದ ಮೇಲೆ ಒಳಗೆ ಯಂತ್ರ ಇದ್ದೇ ಇರುತ್ತದಲ್ಲ ಅನ್ನುವವರಿಗೆ ಮ್ಯೂಆನ್ ಇದೆ. ಇದು ಎಲೆಕ್ಟ್ರಾನಿನ ದೊಡ್ಡಣ್ಣನಂಥ ಕಣ. ಬಿಚ್ಚಿ ನೋಡಲು ಒಳಗೆ ಬಿಡಿಭಾಗ ಇಲ್ಲ. ಸರಾಸರಿ 2.2 ಮೈಕ್ರೋಸೆಕೆಂಡು ಬದುಕಿ ಒಡೆದುಹೋಗುತ್ತದೆ. ಆ ಆಯುಸ್ಸೇ ಅದರ ಗಡಿಯಾರ. ವಾತಾವರಣದ ಮೇಲ್ಭಾಗದಲ್ಲಿ ಹುಟ್ಟಿ ಕೆಳಗೆ ಬೀಳುವ ಮ್ಯೂಆನ್‌ಗಳನ್ನು 1963ರಲ್ಲಿ ಫ್ರಿಷ್ ಮತ್ತು ಸ್ಮಿತ್ ಎಂಬಿಬ್ಬರು ಮೌಂಟ್ ವಾಷಿಂಗ್ಟನ್ ಬೆಟ್ಟದ ಮೇಲೆ ಎಣಿಸಿದರು, ಆಮೇಲೆ ಸಮುದ್ರ ಮಟ್ಟದ ಹತ್ತಿರ ಎಣಿಸಿದರು. ಮೇಲೆ ಗಂಟೆಗೆ ಸುಮಾರು 560. ಅವುಗಳ ಆಯುಸ್ಸಿನ ಪ್ರಕಾರ ಕೆಳಗೆ ಬದುಕಿ ಬರಬೇಕಾದದ್ದು ಸುಮಾರು 27. ಬಂದದ್ದು 400ಕ್ಕೂ ಹೆಚ್ಚು.

ಇದಕ್ಕಿಂತ ಗಟ್ಟಿ ಸಾಕ್ಷಿ 1977ರಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದಿಂದ ಬಂತು. 14 ಮೀಟರ್ ವ್ಯಾಸದ ಉಂಗುರದಲ್ಲಿ ಮ್ಯೂಆನ್‌ಗಳನ್ನು ಬೆಳಕಿನ ವೇಗಕ್ಕೆ ತೀರಾ ಹತ್ತಿರ ಸುತ್ತಿಸಿದರು. ಆಯುಸ್ಸು 2.2ರಿಂದ 64 ಮೈಕ್ರೋಸೆಕೆಂಡಿಗೆ ಏರಿತು, ಸೂತ್ರ ಹೇಳುವ 29 ಪಟ್ಟಿನಷ್ಟೇ. ಉಂಗುರದಲ್ಲಿ ತಿರುಗುವಾಗ ಆ ಕಣಗಳ ಮೇಲಿದ್ದ ಎಳೆತ ನಮ್ಮ ಗುರುತ್ವದ ಹತ್ತು ಲಕ್ಷ ಕೋಟಿ ಪಟ್ಟಿಗಿಂತಲೂ ಎಷ್ಟೋ ಹೆಚ್ಚು. ಹಾಗಿದ್ದೂ ಆ ಎಳೆತದ ಲೆಕ್ಕಕ್ಕೆ ಬೇರೆ ತಿದ್ದುಪಡಿ ಏನೂ ಬೇಕಾಗಲಿಲ್ಲ. ವೇಗದ ಲೆಕ್ಕ ಮಾತ್ರ ಸಾಕಾಯಿತು.

ಅದೇ 1977ರ ಜೂನ್ 23ರಂದು ಅಮೆರಿಕ ಎನ್‌ಟಿಎಸ್-2 ಎಂಬ ಉಪಗ್ರಹ ಹಾರಿಸಿತು. ಕಕ್ಷೆಗೆ ಹೋದ ಮೊದಲ ಸೀಸಿಯಂ ಗಡಿಯಾರ ಅದರಲ್ಲಿತ್ತು, ಇಂದಿನ ಜಿಪಿಎಸ್‌ಗೆ ಅಡಿಪಾಯ. ಅಷ್ಟು ಎತ್ತರದ ಗಡಿಯಾರ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡು ಮುಂದೆ ಓಡಬೇಕು ಅಂತ ಲೆಕ್ಕ. ಎತ್ತರಕ್ಕೆ 45 ಜಮೆ, ವೇಗಕ್ಕೆ 7 ಖರ್ಚು. ಎಲ್ಲರಿಗೂ ನಂಬಿಕೆ ಇರಲಿಲ್ಲ. ಹಾಗಾಗಿ ತಿದ್ದುಪಡಿಯ ಸರ್ಕ್ಯೂಟನ್ನು ಒಳಗಿಟ್ಟು, ಸ್ವಿಚ್ ಆಫ್ ಮಾಡಿಯೇ ಕಳಿಸಿದರು. ಇಪ್ಪತ್ತು ದಿನ ನೋಡಿದರು. ಲಕ್ಷ ಕೋಟಿಗೆ 446.5 ಪಾಲು ಮುಂದೆ ಓಡಬೇಕಿತ್ತು, 442.5 ಪಾಲು ಓಡಿತು. ಸ್ವಿಚ್ ಹಾಕಿದರು. ಈಗಿನ ಜಿಪಿಎಸ್ ಗಡಿಯಾರಗಳನ್ನು ನೆಲದ ಮೇಲೇ ಅಷ್ಟು ನಿಧಾನ ಮಾಡಿಟ್ಟು ಮೇಲೆ ಕಳಿಸುತ್ತಾರೆ.

ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳಲ್ಲಿ ಎರಡೂ ಬಗೆಯ ತೊಂದರೆ ಒಂದೇ ಪೆಟ್ಟಿಗೆಯಲ್ಲಿ ಕಾಣಸಿಗುತ್ತದೆ. 36,000 ಕಿಲೋಮೀಟರ್ ಎತ್ತರದಲ್ಲಿ ಅವುಗಳ ಗಡಿಯಾರ ದಿನಕ್ಕೆ ಸುಮಾರು 46 ಮೈಕ್ರೋಸೆಕೆಂಡು ಮುಂದೆ ಓಡುತ್ತದೆ. ಅದು ಮೊದಲೇ ಗೊತ್ತು, ಲೆಕ್ಕದಲ್ಲಿ ಕಳೆಯಬಹುದು. ಆದರೆ 2013ರಲ್ಲಿ ಹಾರಿದ ಮೊದಲ ಉಪಗ್ರಹದ ಮೂರೂ ರುಬಿಡಿಯಂ ಗಡಿಯಾರಗಳು ಕೆಟ್ಟಿವೆ ಅಂತ 2017ರಲ್ಲಿ ಸುದ್ದಿ ಬಂತು. ಅದಕ್ಕೆ ಯಾವ ಸೂತ್ರವೂ ಇಲ್ಲ, ಅದು ಅಪ್ಪಯ್ಯನ ವಾಚಿಗೆ ಮ್ಯಾಗ್ನೆಟ್ ಹಿಡಿದ ಜಾತಿಯದು. 2023ರ ಮೇ 29ರಂದು ಹೋದ ಎನ್‌ವಿಎಸ್-01ರಲ್ಲಿ ನಮ್ಮವರೇ ಮಾಡಿದ ರುಬಿಡಿಯಂ ಗಡಿಯಾರ ಇತ್ತು ಅಂತ ಓದಿದಾಗ ಖುಷಿಯಾಯಿತು.

ಅಂದ ಹಾಗೆ, 1905ರ ಆ ಸಮಭಾಜಕದ ಮಾತು ಏನಾಯಿತು? ಅದು ಸರಿಯಲ್ಲ! ನ್ಯೂಟನ್ ಹೇಳಿದ ಉಬ್ಬು ನೆನಪಿದೆಯಲ್ಲ, ಆ ಉಬ್ಬಿನಿಂದಾಗಿ ಸಮಭಾಜಕದ ಸಮುದ್ರ ಮಟ್ಟ ಭೂಮಿಯ ಕೇಂದ್ರದಿಂದ ಧ್ರುವಕ್ಕಿಂತ 21 ಕಿಲೋಮೀಟರ್ ಹೆಚ್ಚು ದೂರ. ವೇಗದಿಂದ ಆದ ಖರ್ಚನ್ನು ಆ ಎತ್ತರದ ಜಮೆ ಸರಿಯಾಗಿ ತುಂಬಿಕೊಡುತ್ತದೆ. ಸಮುದ್ರ ಮಟ್ಟದಲ್ಲಿ ಎಲ್ಲಿಟ್ಟರೂ ಗಡಿಯಾರದ ದರ ಒಂದೇ. 1905ರಲ್ಲಿ ಐನ್‌ಸ್ಟೈನನಿಗೆ ಎರಡನೇ ಎಂಟ್ರಿ ಇನ್ನೂ ಗೊತ್ತಿರಲಿಲ್ಲ. ಅವನ ಲೆಡ್ಜರು ಅರ್ಧ ಬರೆದದ್ದಾಗಿತ್ತು.

ಇದನ್ನೆಲ್ಲ ಬರೆದುಕೊಂಡು ಹೋಗಿ ಕಾಕಾನಿಗೆ ಹೇಳಿದೆ. ಪೂರ್ವ-ಪಶ್ಚಿಮದ ಅಂಕಿಗಳನ್ನು ಎರಡು ಸಲ ಓದಿಸಿದರು. "ಅಲುಗಾಟಕ್ಕ ದಿಕ್ಕ ತಿಳಿಯಂಗಿಲ್ಲ, ಖರೆ ಅದ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹಂಗಾದ್ರ ನೀವು ಮೂವತ್ತು ವರ್ಷ ಲೋಕಲ್ ಟ್ರೈನಿನಾಗ ಓಡಾಡೀರಿ, ಎಷ್ಟು ಉಳಿಸೀರಿ?" ಅಂತ ಕೇಳಿದರು.

ಕೇಳಿದ ಮೇಲೆ ಬಿಡುವುದುಂಟೆ? 2010ರಲ್ಲಿ ಅಮೆರಿಕದ ವಿಜ್ಞಾನಿಗಳು ಗಂಟೆಗೆ 36 ಕಿಲೋಮೀಟರ್‌ಗಿಂತ ಕಡಿಮೆ ವೇಗಕ್ಕೂ, ಒಂದಡಿ ಎತ್ತರಕ್ಕೂ ಈ ವ್ಯತ್ಯಾಸ ಅಳೆದು ತೋರಿಸಿದ್ದಾರೆ. ಹಾಗಾಗಿ ಲೋಕಲ್ ಟ್ರೈನಿಗೂ ಲೆಕ್ಕ ಅನ್ವಯಿಸುತ್ತದೆ. ಗಂಟೆಗೆ 45 ಕಿಲೋಮೀಟರ್, ದಿನಕ್ಕೆ ಎರಡು ಗಂಟೆ, ವರ್ಷಕ್ಕೆ 250 ದಿನ, ಮೂವತ್ತು ವರ್ಷ. ಒಟ್ಟು ಸುಮಾರು 50 ನ್ಯಾನೋಸೆಕೆಂಡು. ಆದರೆ ನಮ್ಮ ಮನೆ ನಾಲ್ಕನೇ ಮಹಡಿ. ಅಲ್ಲಿ ಕಳೆದ ಹೊತ್ತಿಗೆ ನೆಲದವರಿಗಿಂತ ನಾನು ಬೇಗ ಮುದುಕನಾಗಿರುವುದು ಅದರ ಹತ್ತು ಪಟ್ಟಿಗೂ ಹೆಚ್ಚು.

"ಅಂದ್ರ ಲುಕ್ಸಾನ ಆತಲ್ಲ!" ಅಂದರು ಕಾಕಾ, ಮತ್ತೆ ಪೇಪರಿನೊಳಗೆ ಹೋದರು.